ಬಿಯರ್‌ನಲ್ಲಿ ಮೀನು: ಹೇಳಿ ಮಾರೋಕೆ ಏನು ಕಷ್ಟ?

ಬಿಯರ್ ಅಂದ್ರೆ ಬಾರ್ಲಿ, ಹಾಪ್ಸ್, ಯೀಸ್ಟ್, ನೀರು. ಇದರಲ್ಲಿ ಮೀನು ಎಲ್ಲಿಂದ ಬಂತು ಅಂತೀರಾ? ಬಿಯರ್ ತಿಳಿ ಮಾಡುವಾಗ ಬರುತ್ತೆ. ಮೀನಿನ ಗಾಳಿಚೀಲ ಒಣಗಿಸಿ ಮಾಡಿದ ಐಸಿಂಗ್ಲಾಸ್ ಹಾಕಿದರೆ, ತೇಲುತ್ತಿರುವ ಯೀಸ್ಟ್ ಅದಕ್ಕೆ ಅಂಟಿಕೊಂಡು ತಳಕ್ಕೆ ಇಳಿಯುತ್ತೆ. ಐರ್ಲೆಂಡಿನ ಗಿನ್ನೆಸ್ ಕೂಡ ಬಹಳ ಕಾಲ ಇದನ್ನೇ ಬಳಸಿ, ಕೈಬಿಡುವುದಾಗಿ 2015ರಲ್ಲಿ ಹೇಳಿತು. ಈಗಲೂ ಯುರೋಪಿನಲ್ಲಿ ಬಿಯರ್‌ಗೆ ಹಾಕಿದ ಐಸಿಂಗ್ಲಾಸನ್ನು ಲೇಬಲ್ ಮೇಲೆ ಬರೆಯೋದು ಕಡ್ಡಾಯವಲ್ಲ.

'ಅದು ತಳದಲ್ಲೇ ಉಳಿಯುತ್ತೆ, ಹೇಳೋದ್ಯಾಕೆ?' ಅನ್ನೋರಿದ್ದಾರೆ. ನಾನು ಒಪ್ಪಲ್ಲ. ನಾನೂ ಹಸು ಸಾಕಿ ಹಾಲು ಹಾಕುವವನೇ. ಪ್ರಾಣಿಗಳಿಂದ ಬಂದದ್ದು ಯಾರೂ ಮುಟ್ಟಬಾರದು ಅಂತ ನನ್ನ ವಾದವಲ್ಲ. ಆದರೆ ಹಾಲು ಕೊಳ್ಳೋರಿಗೆ ಅದು ಹಸುವಿನದು ಅಂತ ಗೊತ್ತು. ಬಿಯರ್ ಕುಡಿಯುವ ಸಸ್ಯಾಹಾರಿಗೆ ಮೀನಿನ ವಿಷಯ ಗೊತ್ತಿರಲ್ಲ. ಬೇಕೋ ಬೇಡವೋ ಅನ್ನೋದು ಅವರಿಗೆ ಬಿಟ್ಟದ್ದು. ಅದನ್ನು ಮಾರುವವರು ತೀರ್ಮಾನ ಮಾಡಬಾರದು.

ನಮ್ಮ ಆಲೆಮನೆಗೂ ಇದೇ ಮಾತು. ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲಿನ ಕೊಳೆ ತೆಗೆಯೋಕೆ ಬೆಂಡೆ ಗಿಡದ ಲೋಳೆ ಹಾಕುವ ಪದ್ಧತಿ ನಮ್ಮಲ್ಲಿದೆ. ಪೂರ್ತಿ ಸಸ್ಯದ್ದೇ. ಆದರೂ ಬೆಲ್ಲಕ್ಕೆ ಹಳದಿ ಬಣ್ಣ ಬರಲಿ ಅಂತ ಹೈಡ್ರೋಸ್ ಹಾಕಿ, ಸುಮ್ಮನೆ ಮಾರೋರಿದ್ದಾರೆ.

ವಾಟ್ಸಾಪ್‌ನಲ್ಲಿ ನೇರವಾಗಿ ಬೆಲ್ಲ ಮಾರುವ ಗೆಳೆಯರೇ, ಬೆಂಡೆ ಲೋಳೆ ಬಳಸಿದ್ದರೆ ಲೇಬಲ್ ಮೇಲೆ ಅದನ್ನೇ ಬರೆಯಿರಿ, ಕೊಪ್ಪರಿಗೆಯ ವಿಡಿಯೊ ಕಳಿಸಿ. ಹೈಡ್ರೋಸ್ ಅಂತ ಬರೆಯೋಕೆ ಮುಜುಗರ ಆದರೆ, ಅದನ್ನು ಹಾಕಲೇಬೇಡಿ.