ದೂರ ನಿಂತು ಕೆಲಸ ಮಾಡೋದು ನಮಗೆ ಹೊಸದೇನು ಸ್ವಾಮಿ?

2020ರ ಮಾರ್ಚಿನಲ್ಲಿ ಕೊರೋನಾ ಅಂತ ದೇಶಕ್ಕೆ ಬೀಗ ಹಾಕಿದರಲ್ಲ, ಆಗ ಬೆಂಗಳೂರಿನ ಕಂಪ್ಯೂಟರ್ ಕೆಲಸದವರಿಗೆ ಕಂಪನಿಗಳು ಹೇಳಿದವು: ಎಲ್ಲಿ ಬೇಕಾದರೂ ಕೂತು ಕೆಲಸ ಮಾಡಿ, ಕೆಲಸ ಆದರೆ ಸಾಕು. ಬೀಗ ತೆಗೆದ ಮೇಲೆ ಅವರಲ್ಲಿ ಒಂದಷ್ಟು ಜನ ಲ್ಯಾಪ್‌ಟಾಪ್ ಚೀಲ ಹೆಗಲಿಗೇರಿಸಿ ನಮ್ಮ ಜಿಲ್ಲೆಯ ಸಕಲೇಶಪುರದ ಗುಡ್ಡ ಹತ್ತಿದರು. ಕಾಫಿ ತೋಟದ ಬಂಗಲೆಗಳು ಹೋಂಸ್ಟೇ ಆದವು. ಮಂಜು ನೋಡುತ್ತಾ ಕೆಲಸ ಮಾಡಿ, ವೈಫೈ ಉಂಟು, ಮೌನ ಉಂಟು ಅಂತ ಜಾಹೀರಾತು ಬಂದವು. ಇದಕ್ಕೆ ವರ್ಕೇಷನ್ ಅಂತ ಹೆಸರು. ಕೆಲಸಕ್ಕೆ ಕೆಲಸ, ರಜಕ್ಕೆ ರಜ. ಇನ್ನು ಹಳ್ಳಿಗೂ ಪಟ್ಟಣಕ್ಕೂ ಭೇದವಿಲ್ಲ, ಕಂಪ್ಯೂಟರಿಗೆ ಜಾತಿ ಗೊತ್ತಿಲ್ಲ, ಓದಿದ ಹುಡುಗರೆಲ್ಲ ಊರಿಗೆ ಮರಳಿ ಅಂತ ಉಪದೇಶ ಮಾಡುವ ದೊಡ್ಡ ಮನುಷ್ಯರೂ ಹುಟ್ಟಿಕೊಂಡರು.

ಇದನ್ನೆಲ್ಲ ಕೇಳಿ ನಾವು ಸುಮ್ಮನಿರಬಹುದಿತ್ತು. ಆದರೆ ನಮ್ಮ ಪೈಕಿ ಒಬ್ಬ ಈ ಮಾತು ನಂಬಿ ಬೆಟ್ಟ ಹತ್ತಿದ. ಅದಕ್ಕೇ ಬರೆಯಬೇಕಾಯಿತು.

ನಾವು ಅಂದರೆ ನಾಲ್ಕು ಜನ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ತಾಲ್ಲೂಕಿಗೊಬ್ಬರಂತೆ ಹಾಸನದ ಒಂದು ಹಾಸ್ಟೆಲಿನ ಒಂದೇ ರೂಮಿನಲ್ಲಿ ಚಾಪೆ ಹಾಸಿದವರು. ನಾಲ್ಕೂ ಮನೆಗಳಲ್ಲಿ ಡಿಗ್ರಿ ಕಾಗದ ಕಂಡವರಲ್ಲಿ ನಾವೇ ಮೊದಲಿಗರು. ಬೀಗ ಹಾಕಿದ ದಿನಗಳಲ್ಲಿ ಹಾಸ್ಟೆಲ್ ಖಾಲಿ ಮಾಡಿಸಿ ನಮ್ಮನ್ನು ಊರಿಗೆ ಅಟ್ಟಿದರು. ಮೇಷ್ಟ್ರುಗಳು ಫೋನಿನಲ್ಲಿ ಪಾಠ ಶುರು ಮಾಡಿದರು. ಮನೆಗೆ ಇದ್ದದ್ದು ಒಂದೇ ಫೋನು, ಅದು ಅಪ್ಪನ ಜೇಬಿನಲ್ಲಿ ಹೊಲಕ್ಕೆ ಹೋಗುತ್ತಿತ್ತು. ಫೋನು ಕೈಗೆ ಬಂದಾಗ ಸಿಗ್ನಲ್ ಇಲ್ಲ. ನಮ್ಮಲ್ಲೊಬ್ಬನ ಊರಿನಲ್ಲಿ ಸಿಗ್ನಲ್ ಸಿಗುತ್ತಿದ್ದದ್ದು ಊರೊಳಗಿನ ದೇವಸ್ಥಾನದ ಜಗಲಿ ಮೇಲೆ. ಅಲ್ಲಿ ನಾವು ಕೂರೋ ಹಂಗಿಲ್ಲ. ಇದನ್ನು ಉತ್ಪ್ರೇಕ್ಷೆ ಅನ್ನುವವರು 2015ರ ಪತ್ರಿಕೆ ತೆಗೆದು ನೋಡಲಿ. ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ ದೇವಸ್ಥಾನದೊಳಕ್ಕೆ ಹೋದ ನಮ್ಮ ಹೆಂಗಸರಿಗೆ ದಂಡ ಹಾಕಿದ ಸುದ್ದಿ ದೇಶಕ್ಕೆಲ್ಲ ಗೊತ್ತಾಗಿತ್ತು. ಐದು ವರ್ಷದ ಮೇಲೆ ಅದೇ ಸೀಮೆಯ ಹುಡುಗನಿಗೆ ಕಾಲೇಜು ಹೇಳಿತು: ನೆಟ್‌ವರ್ಕ್ ಸಿಗೋ ಜಾಗದಲ್ಲಿ ಕೂತು ಪಾಠ ಕೇಳು.

ದೂರದಿಂದ ಕೆಲಸ ಅಂತಾರೆ ಇದನ್ನು. ನಮ್ಮಲ್ಲೊಬ್ಬನ ತಾತ ಕುಳವಾಡಿ. ಊರಿಗೆ ಸುದ್ದಿ ಸಾರಬೇಕು, ಸತ್ತ ದನ ಎಳೀಬೇಕು, ಗೌಡರ ಮನೆ ಸಾವಿನ ಸುದ್ದಿಯನ್ನು ಮೈಲಿಗಟ್ಟಲೆ ನಡೆದು ನೆಂಟರಿಗೆ ಮುಟ್ಟಿಸಬೇಕು. ಎಲ್ಲವೂ ದೂರ ನಿಂತು ಮಾಡೋ ಕೆಲಸವೇ. ವಾಸ ಊರಾಚೆ, ಸಂಬಳ ಬಾಗಿಲಾಚೆ. ಒಡ್ಡಿದ ಟವೆಲಿಗೆ ಮೇಲಿಂದ ಸುರಿದ ರಾಗಿ. ಆ ದೂರವನ್ನು ಯಾರೂ ಶಾಂತಿ ಅಂತ ಕರೆಯಲಿಲ್ಲ, ಅದಕ್ಕೆ ದಿನಕ್ಕಿಷ್ಟು ಅಂತ ಬಾಡಿಗೆ ಕೊಟ್ಟವರೂ ಇಲ್ಲ.

ಅರಕಲಗೂಡಿನ ಗೆಳೆಯನ ಕಥೆಗೆ ಬರೋಣ. ಅವನಿಗೆ ಬೆಂಗಳೂರಿನ ಒಂದು ಕಂಪನಿಯಲ್ಲಿ ಅಮೆರಿಕದ ಆಸ್ಪತ್ರೆಗಳ ಬಿಲ್ಲು ತಿದ್ದುವ ಕೆಲಸ ಸಿಕ್ಕಿತು. ಅವರ ಹಗಲು ನಮಗೆ ರಾತ್ರಿ, ಹಾಗಾಗಿ ರಾತ್ರಿಯೆಲ್ಲ ಕೆಲಸ. ಮನೆಯಿಂದಲೇ ಮಾಡು ಅಂದರು. ಖುಷಿಯಾಗಿ ಊರಿಗೆ ಹೋದ. ಮನೆ ಅಂದರೆ ಒಂದಂಕಣ, ಅದರ ಮೂಲೆಯಲ್ಲೇ ಒಲೆ. ರಾತ್ರಿ ಅವನು ಇಂಗ್ಲಿಷಿನಲ್ಲಿ ಮಾತಾಡಿದರೆ ಹೊಗೆಸೊಪ್ಪಿನ ಕೆಲಸಕ್ಕೆ ಹೋಗಿ ದಣಿದು ಬಂದ ಅವ್ವ ಅಪ್ಪನಿಗೆ ನಿದ್ದೆಯಿಲ್ಲ. ಮಾತಾಡದಿದ್ದರೆ ಕೆಲಸವಿಲ್ಲ. ಮಧ್ಯೆ ಕರೆಂಟು ಹೋಗುತ್ತೆ. ಅಪ್ಪ ಕೆಮ್ಮುತ್ತಾರೆ. ಫೋನಿನ ಆಚೆ ತುದಿಯ ಮೇಲಧಿಕಾರಿ, ಹಿಂದೆ ಏನು ಸದ್ದು, ಶಾಂತವಾದ ಕೋಣೆಗೆ ಹೋಗಿ ಕೂತುಕೋ ಅನ್ನುತ್ತಾನೆ. ಎರಡು ತಿಂಗಳು ಎಳೆದ. ಮನೆಯಿಂದ ಕೆಲಸ ಅಂದವರು, ಆ ಮನೆಗೆ ಇನ್ನೊಂದು ಕೋಣೆ ಇದೆಯೋ ಇಲ್ಲವೋ ಅಂತ ಕೇಳಿರಲಿಲ್ಲ.

ಅವನ ಸೋದರತ್ತೆ ಸಕಲೇಶಪುರದ ಒಂದು ತೋಟದಲ್ಲಿದ್ದಾಳೆ. ಪೇಟೆಯಲ್ಲೊಂದು ರೂಮು ಹಿಡಿದರೆ ಆಯ್ತು, ಅತ್ತೆ ಹತ್ತಿರ, ನೆಟ್ಟೂ ಉಂಟು ಅಂತ ಹೊರಟ. ಮೊದಲನೇ ಮನೆಯಲ್ಲಿ ಊರು ಕೇಳಿದರು, ಅಪ್ಪನ ಹೆಸರು ಕೇಳಿದರು, ಅರಕಲಗೂಡಲ್ಲಿ ಯಾರ ಪೈಕಿ ಅಂದರು. ಹೇಳಿದ. ನೋಡಿ ಹೇಳ್ತೀವಿ ಅಂದರು. ಇನ್ನೂ ನೋಡ್ತಾನೇ ಇದ್ದಾರೆ. ಎರಡನೇ ಮನೆಯವರು ಮಾಂಸ ತಿನ್ನೋರಿಗೆ ಕೊಡಲ್ಲ ಅಂದರು, ಅವರ ಹಿತ್ತಿಲಿನಿಂದಲೇ ಕೋಳಿಸಾರಿನ ವಾಸನೆ ಬರುತ್ತಿತ್ತಂತೆ. ಮೂರನೇ ಮನೆಯಲ್ಲಿ ಅವರು ಕೇಳುವುದಕ್ಕೆ ಮುಂಚೆ ಇವನೇ ತನ್ನ ಹೆಸರಿಗೊಂದು 'ಗೌಡ' ಸೇರಿಸಿ ಹೇಳಿಬಿಟ್ಟ. ಬೀಗದ ಕೈ ಕೈಗೆ ಬಂತು.

ಗೊತ್ತಾದಾಗ ನಾವು ಅವನಿಗೆ ಬೈದೆವು. ಹೋರಾಟದ ಹಾಡು ಕಟ್ಟೋನು ಗೌಡನಾದನಲ್ಲೋ ಅಂತ ನಕ್ಕೆವು. ಅವನು ಒಂದೇ ಮಾತು ಕೇಳಿದ: "ಬಾಬಾಸಾಹೇಬರು ಬರೋಡಾದಲ್ಲಿ ಏನ್ ಮಾಡಿದ್ರು?" ನಮ್ಮ ನಗು ಅಲ್ಲಿಗೆ ನಿಂತಿತು. 1917ರಲ್ಲಿ ಕೊಲಂಬಿಯಾ, ಲಂಡನ್ನುಗಳಲ್ಲಿ ಓದಿ ಬಂದ ಅಂಬೇಡ್ಕರ್, ತಮ್ಮನ್ನು ಓದಿಸಿದ ಮಹಾರಾಜರ ಸಂಸ್ಥಾನಕ್ಕೇ ನೌಕರಿಗೆ ಹೋದರು. ನೌಕರಿ ಇತ್ತು, ತಲೆ ಊರಲು ಜಾಗ ಇರಲಿಲ್ಲ. ಪಾರ್ಸಿಗಳ ವಸತಿಗೃಹದಲ್ಲಿ ಪಾರ್ಸಿ ಹೆಸರು ಬರೆಸಿ ಉಳಿದರು. ಗುಟ್ಟು ರಟ್ಟಾದಾಗ ದೊಣ್ಣೆ ಹಿಡಿದವರು ಬಂದು ನಿಂತರು. ಆವತ್ತು ಆ ಮಹಾವಿದ್ವಾಂಸ ಸಾರ್ವಜನಿಕ ತೋಟದಲ್ಲಿ ಹೊತ್ತು ಕಳೆದು, ರಾತ್ರಿ ರೈಲಿಗೆ ಬೊಂಬಾಯಿಗೆ ವಾಪಸಾದರು. 'ವೇಟಿಂಗ್ ಫಾರ್ ಎ ವೀಸಾ' ಎಂಬ ಬರಹದಲ್ಲಿ ಅವರೇ ಇದನ್ನು ಹೇಳಿಕೊಂಡಿದ್ದಾರೆ. ನೂರು ವರ್ಷ ದಾಟಿತು. ಕಂಪ್ಯೂಟರಿಗೆ ಜಾತಿ ಗೊತ್ತಿಲ್ಲ, ಸರಿ. ಕಂಪ್ಯೂಟರ್ ಇಡೋ ಟೇಬಲ್ಲಿಗೆ ನಾಲ್ಕು ಗೋಡೆ ಬೇಕಲ್ಲ, ಆ ಗೋಡೆ ಯಾರದು?

ಅವನು ಬಾಡಿಗೆ ರೂಮಿನಲ್ಲಿದ್ದದ್ದು ಮೂರೇ ತಿಂಗಳು. ಒಂದು ಭಾನುವಾರ ಅವರಪ್ಪ ರಾಗಿಹಿಟ್ಟಿನ ಚೀಲ ಹೊತ್ತು ಮಗನನ್ನು ನೋಡಲು ಬಂದರು. ಅಂಗಳದಾಚೆ ಚಪ್ಪಲಿ ಬಿಟ್ಟು, ಎದುರಿಗೆ ಬಂದ ಮನೆ ಯಜಮಾನರನ್ನು ಕಂಡು ಅಭ್ಯಾಸಬಲದಿಂದ "ಬುದ್ದೀ" ಅಂದುಬಿಟ್ಟರು. ಯಾವ ಗೌಡನ ಅಪ್ಪ ಹಾಗೆ ಅಂದಾನು? ಮರುದಿನ, ರೂಮಿಗೆ ಸುಣ್ಣ ಹೊಡೆಸಬೇಕು, ಖಾಲಿ ಮಾಡಿಕೊಡಿ ಅಂದರು. ಅವರಪ್ಪನಿಗೆ ಇವತ್ತಿಗೂ ನಿಜ ಗೊತ್ತಿಲ್ಲ, ಸುಣ್ಣ ಹೊಡೆಸೋಕೇ ಅಂದುಕೊಂಡಿದ್ದಾರೆ. ಗೆಳೆಯ ಈಗ ಹಾಸನದಲ್ಲಿ ನಮ್ಮಲ್ಲೊಬ್ಬನ ರೂಮಿನಲ್ಲಿದ್ದಾನೆ. ಇದನ್ನೆಲ್ಲ ಬರಿ, ಹೆಸರು ಮಾತ್ರ ಬೇಡ ಅಂದವನೂ ಅವನೇ.

ಖಾಲಿ ಮಾಡಿಸಲು ಹೋದ ನಾವು ಆವತ್ತೇ ಅತ್ತೆಯನ್ನೂ ನೋಡಿ ಬಂದೆವು. ಇಪ್ಪತ್ತು ವರ್ಷದ ಹಿಂದೆ ಕಾಫಿ ಕುಯ್ಲಿಗೆ ಅಂತ ಬಂದು ಲೈನಿನಲ್ಲೇ ಉಳಿದವಳು. ಲೈನ್ ಮನೆ ಅಂದರೆ ಸಾಲಾಗಿ ಗೋಡೆಗೆ ಗೋಡೆ ಅಂಟಿಸಿ ಕಟ್ಟಿದ ಕೋಣೆಗಳು. ತೋಟದ ಕೂಲಿಗೆ ಮಾಲೀಕ ವಸತಿ ಕೊಡಬೇಕು ಅಂತ 1951ರ ಪ್ಲಾಂಟೇಷನ್ ಲೇಬರ್ ಕಾಯ್ದೆ ಹೇಳಿತು. ವಸತಿ ಕೊಟ್ಟರು, ಮನೆ ಕೊಡಲಿಲ್ಲ. ಕೆಲಸ ಬಿಟ್ಟ ದಿನ ಲೈನೂ ಬಿಡಬೇಕು. ಮನೆಯೂ ಕೆಲಸವೂ ಒಂದೇ ಆಗಿರೋದು ಅಂದರೆ ಇದು ಗೆಳೆಯರೇ. ಅತ್ತೆ ಬೆಳಗ್ಗೆ ಹಣ್ಣು ಕುಯ್ಯುತ್ತಾಳೆ, ಸಂಜೆ ಬಂಗಲೆಯ ಹೋಂಸ್ಟೇಯಲ್ಲಿ ತಟ್ಟೆ ತೊಳೆದು ಹಾಸಿಗೆ ಕೊಡವುತ್ತಾಳೆ.

"ಒಂದು ಹೆಣ್ಮಗ ಬಂದು ತಿಂಗ್ಳಿಂದ ಅವ್ಳೆ ಕನಪ್ಪ. ಕಿವಿಗೆ ಅದೇನೋ ಸಿಗಾಕ್ಕೊಂಡು ಒಬ್ಬೊಬ್ಳೇ ಮಾತಾಡ್ತಾಳೆ. ಒಳ್ಳೇ ಮಗ. ನೀವು ಅದೃಷ್ಟವಂತ್ರು ಆಂಟಿ, ಇಂಥ ಜಾಗದಲ್ಲಿ ಇದ್ದೀರ ಅಂದ್ಳು. ನಂಗೆ ನಗಾ ತಡಿಯಕ್ಕಾಗ್ನಿಲ್ಲ. ಮಳೇಲಿ ಕೊಪ್ಪೆ ಹಾಕ್ಕೊಂಡು ಬಾ, ಇಂಬಳ ಕಡಿಸ್ಕೊಂಡು ಹೇಳೀಯಂತೆ ಅಂದೆ."

ಆ ಹೆಣ್ಣುಮಗಳ ಮೇಲೆ ನಮಗೆ ಸಿಟ್ಟಿಲ್ಲ. ಅವಳೂ ಯಾರದೋ ಕೂಲಿಯೇ. ಆದರೆ ಅವಳು ಏಕಾಂತ ಅಂತ ಕೊಳ್ಳುವುದು ಏನನ್ನು? ಸಕಲೇಶಪುರ ಏಕಾಂತದ ಊರಲ್ಲ. ಬೆಂಗಳೂರು ಮಂಗಳೂರು ಹೆದ್ದಾರಿ ಅದರ ನಡುವೆ ಹಾದಿದೆ, ರೈಲಿದೆ. ಶಿರಾಡಿ ಘಾಟಿಯಲ್ಲಿ 2018ರಲ್ಲಿ, ಮತ್ತೆ 2024ರಲ್ಲಿ ಗುಡ್ಡ ಕುಸಿದಾಗ ಎರಡೂ ಕಡೆ ನಿಂತ ಲಾರಿಗಳ ಸಾಲೇ ಸಾಕ್ಷಿ. ಏಕಾಂತ ಇರೋದು ಬಂಗಲೆಯ ಜಗಲಿಯಲ್ಲಿ ಮಾತ್ರ. ಆ ಜಗಲಿಯಿಂದ ಲೈನು ಕಾಣದ ಹಾಗೆ ಮರ ಬೆಳೆಸಿದ್ದಾರೆ. ಬಂಗಲೆಗೆ ಫೈಬರ್ ತಂತಿ ಬಂದಿದೆ, ಲೈನಿಗೆ ಬಂದಿಲ್ಲ. ವೈಫೈ ಪಾಸ್‌ವರ್ಡ್ ಬರೆದ ಚೀಟಿ ಅತ್ತೆ ದಿನಾ ಒರೆಸುವ ಗೋಡೆ ಮೇಲೇ ಇದೆ, ಅವಳಿಗೆ ಓದೋಕೆ ಬರಲ್ಲ.

ಈ ಸಿಗ್ನಲ್ಲು ಅತ್ತೆಗೆ ಸಿನಿಮಾ ನೋಡೋಕೆ ಬೇಕು ಅಂದುಕೊಳ್ಳಬೇಡಿ. ಸಕಲೇಶಪುರ, ಆಲೂರು, ಬೇಲೂರು ತೋಟಗಳಲ್ಲಿ ಬೆಳಗಿನ ಮಂಜಿನಲ್ಲಿ ಕೆಲಸಕ್ಕೆ ಹೊರಟವರನ್ನು ಆನೆ ತುಳಿದದ್ದು ಎಷ್ಟು ಸಲವೋ. ಆನೆ ಯಾವ ಕಡೆ ಇದೆ ಅಂತ ಫೋನಿಗೆ ಸಂದೇಶ ಕಳಿಸುವ ಏರ್ಪಾಡು ಇದೆ, ಒಳ್ಳೇ ಏರ್ಪಾಡು. ಲೈನಿನಲ್ಲಿ ಸಿಗ್ನಲ್ ಇಲ್ಲದಿದ್ದರೆ ಆ ಸಂದೇಶ ಬರೋದು ಸಂಜೆಗೆ, ಬಂಗಲೆ ಅಂಗಳಕ್ಕೆ ಕಾಲಿಟ್ಟಾಗ. 2023ರ ಡಿಸೆಂಬರ್ 4ರಂದು ಯಸಳೂರು ವಲಯದಲ್ಲಿ ದಸರಾ ಆನೆ ಅರ್ಜುನ ಸತ್ತಾಗ ರಾಜ್ಯವೇ ಅತ್ತಿತು. ನಾವೂ ಅತ್ತೆವು, ಅದು ದೊಡ್ಡ ಜೀವ. ಅದೇ ಕಾಡಂಚಿನಲ್ಲಿ ಕುಯ್ಲಿಗೆ ಹೋಗಿ ಸತ್ತ ಹೆಂಗಸರ ಹೆಸರು ಒಂದನ್ನಾದರೂ ನಾವು ಹೇಳಬಲ್ಲೆವಾ ಅಂತ ಆವತ್ತು ಲೈನಿನಲ್ಲಿ ಕೂತು ನಾಲ್ವರೂ ಯೋಚಿಸಿದೆವು. ಒಬ್ಬರಿಗೂ ಬರಲಿಲ್ಲ. ಈ ನಾಚಿಕೆ ನಮ್ಮದೂ ಹೌದು.

ಇನ್ನು ನೆಲದ ಮಾತು. 1974ರ ಭೂಸುಧಾರಣೆಯಲ್ಲಿ ಉಳುವವನೇ ಹೊಲದೊಡೆಯ ಅಂದರು. ಗೇಣಿದಾರನಿಗೆ ಹೊಲ ಬಂತು, ಗೇಣಿಯೂ ಇಲ್ಲದೆ ಬರೀ ಕೂಲಿ ಮಾಡುತ್ತಿದ್ದ ನಮ್ಮವರಿಗೆ ಏನು ಬಂತು? ಕಾಫಿ ತೋಟಗಳನ್ನಂತೂ ಆ ಕಾಯ್ದೆಯಿಂದ ಹೊರಗೇ ಇಟ್ಟರು. ಕೃಷಿಕರಲ್ಲದವರು, ದೊಡ್ಡ ವರಮಾನದವರು ಕೃಷಿಭೂಮಿ ಕೊಳ್ಳುವಂತಿಲ್ಲ ಅಂತ ಇದ್ದ 79ಎ, 79ಬಿ ಕಲಮುಗಳನ್ನು 2020ರಲ್ಲಿ ಕಿತ್ತುಹಾಕಿದರು. ವರ್ಷ ಗಮನಿಸಿ. ನಾವು ಸಿಗ್ನಲ್ ಹುಡುಕುತ್ತಾ ಬೇಲಿ ಬೇಲಿ ಅಲೆಯುತ್ತಿದ್ದಾಗ, ತಿಂಗಳ ಸಂಬಳದವನು ಗುಡ್ಡ ಕೊಳ್ಳಲು ದಾರಿ ತೆರೆಯಿತು. 2022ರ ಕೊನೆಯಲ್ಲಿ ಇನ್ನೊಂದು ಮಸೂದೆ: ಸರ್ಕಾರಿ ಜಮೀನು ಒತ್ತುವರಿ ಮಾಡಿ ಕಾಫಿ ಹಾಕಿದವರಿಗೆ 25 ಎಕರೆವರೆಗೆ 30 ವರ್ಷದ ಗುತ್ತಿಗೆ. ಒತ್ತಿದವನಿಗೆ ಎಕರೆಗಟ್ಟಲೆ. ಅದೇ ಕಾಫಿಯನ್ನು ಇಪ್ಪತ್ತು ವರ್ಷ ಕುಯ್ದ ಅತ್ತೆಗೆ ಮೂವತ್ತು ನಲವತ್ತಡಿ ಸೈಟು ಇಲ್ಲ.

ನಮ್ಮ ಹಿರಿಯ ಸಂಗಾತಿಗಳು ಕೆಲವರು, ಕಂಪ್ಯೂಟರ್ ಸಹವಾಸವೇ ಬೇಡ, ಅದು ಬಂಡವಾಳಶಾಹಿಯ ಬಲೆ ಅಂತಾರೆ. ಒಪ್ಪಲ್ಲ. ಚನ್ನರಾಯಪಟ್ಟಣದ ಗೆಳೆಯನ ತಂಗಿ, ತೆಂಗಿನಗರಿ ಸೀಳಿ ಕಡ್ಡಿಪೊರಕೆ ಕಟ್ಟುವ ಅವ್ವನ ಪಕ್ಕದಲ್ಲೇ ಕೂತು ಕನ್ನಡ ಟೈಪಿಂಗ್ ಮಾಡಿ ತಿಂಗಳ ಕೊನೆಗೆ ದುಡ್ಡು ಕಾಣುತ್ತಾಳೆ. ಆ ದುಡ್ಡಿನ ದೆಸೆಯಿಂದ ಅವಳ ಮದುವೆ ಎರಡು ವರ್ಷ ಮುಂದೆ ಹೋಗಿದೆ, ಎಂ.ಎ.ಗೆ ಅರ್ಜಿ ಹಾಕಿದ್ದಾಳೆ. ಯಾವ ಗೌಡರ ಹೊಲಕ್ಕೂ ಹೋಗದೆ, ಯಾರಿಗೂ ಬುದ್ದೀ ಅನ್ನದೆ ದುಡಿಯೋ ದಾರಿ ಒಂದು ಸಿಕ್ಕಿರುವಾಗ ಅದನ್ನು ಬಲೆ ಅಂತ ಒದೆಯೋಕೆ ನಮಗೇನು ಹುಚ್ಚೇ? ನಾವು ಕೇಳೋದು ಆ ದಾರಿಗೆ ಬೇಕಾದ ಸೂರನ್ನು, ತಂತಿಯನ್ನು. ಪಂಚಾಯ್ತಿ ಗ್ರಂಥಾಲಯಗಳಿಗೆ ಅರಿವು ಕೇಂದ್ರ ಅಂತ ಹೆಸರಿಟ್ಟು ಕಂಪ್ಯೂಟರ್ ಕೊಟ್ಟಿದ್ದಾರೆ, ಒಳ್ಳೇದು. ಅದು ರಾತ್ರಿಯೂ ತೆಗೆದಿರಲಿ, ಕೇರಿಯೊಳಗೂ ಒಂದು ಇರಲಿ. ಹಳ್ಳಿ ಮೇಷ್ಟ್ರುಗಳೇ, ನಿಮ್ಮ ಶಾಲೆಯ ಒಂದು ಕೋಣೆಯ ಬೀಗದ ಕೈ ಸಂಜೆ ಮೇಲೆ ಕೇರಿಯ ಒಬ್ಬ ಹುಡುಗಿಯ ಕೈಲಿ ಇರುವಂತೆ ಮಾಡೋಕೆ ಆಗುತ್ತಾ ನೋಡಿ. ಸರ್ಕಾರಕ್ಕೆ ಕಾಯಬೇಡಿ.

ಊರಿಗೆ ಮರಳಿ ಅನ್ನೋರಿಗೆ ಒಂದು ಮಾತು. 1948ರಲ್ಲಿ ಸಂವಿಧಾನ ಸಭೆಯಲ್ಲಿ ನಿಂತು ಬಾಬಾಸಾಹೇಬರು ಹಳ್ಳಿಯ ಬಗ್ಗೆ ಏನು ಹೇಳಿದರು ಅನ್ನೋದನ್ನು ಮೊದಲು ಓದಿಕೊಂಡು ಬನ್ನಿ. ನಮಗೆ ಮರಳೋಕೆ ಊರು ಅನ್ನೋದು ಇರಲಿಲ್ಲ, ಕೇರಿ ಇತ್ತು.

ಕಳೆದ ತಿಂಗಳು ಲೈನಿನ ಜನರನ್ನು ಕೂರಿಸಿಕೊಂಡು ನಿವೇಶನಕ್ಕಾಗಿ ಒಂದು ಅರ್ಜಿ ಬರೆದೆವು. ರೈಟರಿಗೆ ತಿಳಿಯದಂತೆ ರಾತ್ರಿ ಬರೆದದ್ದು, ಗೆಳೆಯನ ಲ್ಯಾಪ್‌ಟಾಪಿನ ಬೆಳಕಿನಲ್ಲಿ. ಹನ್ನೊಂದು ಜನ ಸಹಿ, ಹೆಬ್ಬೆಟ್ಟು ಹಾಕಿದರು. ಅತ್ತೆಯ ಸರದಿ ಬಂದಾಗ ಶಾಯಿಗೆ ಅದ್ದಿದ ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಂಡಳು. "ಸೈಟು ಸಿಗಾದು ಯಾವತ್ತೋ ಕನಪ್ಪ. ನಾಳೀಕೆ ಲೈನಿಂದ ತೆಗುದ್ರೆ ಎಲ್ ಹೋಗ್ಲಿ?" ಅಂದಳು. ನಮ್ಮ ನಾಲ್ವರಲ್ಲಿ ಒಬ್ಬನ ಹತ್ತಿರವೂ ಅವಳನ್ನು ಕರೆದುಕೊಂಡು ಹೋಗಿ ಇರಿಸಲು ಎರಡನೇ ಕೋಣೆ ಇರಲಿಲ್ಲ. ಅರ್ಜಿಯನ್ನು ಹನ್ನೊಂದು ಹೆಸರಿನಲ್ಲೇ ಕೊಟ್ಟಿದ್ದೇವೆ. ಅವಳ ಹೆಸರಿನ ಸಾಲು ಖಾಲಿ ಬಿಟ್ಟಿದ್ದೇವೆ.