ಸಾಕ್ಷಿಗಳ ಪಟ್ಟಿಯ ಬೀಗದ ಕೈ ಯಾರ ಹತ್ರ ಇರಬೇಕು?



ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ ನಾಲ್ಕೂ ತಾಲ್ಲೂಕಿನ ನಮ್ಮ ಕಾರ್ಯಕರ್ತರಿಗೆ ನಮ್ಮದೇ ಮೇಲ್ ಸರ್ವರ್ ಮಾಡ್ಕೊಳ್ಳೋಣ ಅಂದಾಗ, "ಜಿಮೇಲ್ ಇದೆಯಲ್ಲಣ್ಣ, ಇದೆಲ್ಲ ಯಾಕೆ?" ಅಂತ ಹುಡುಗರು ಕೇಳಿದ್ರು. ಉತ್ತರ ಇಲ್ಲಿದೆ.

ನಮ್ಮ ಮೇಲ್‌ನಲ್ಲಿ ಇರೋದೇನು? ದೌರ್ಜನ್ಯದ ದೂರುಗಳು, ಸಾಕ್ಷಿಗಳ ಹೆಸರು, ಫೋನ್ ನಂಬರ್, ಹೆಣ್ಣುಮಕ್ಕಳ ವೈದ್ಯಕೀಯ ವರದಿ, ಕೋಟೆ ಕಡೆ ಹಾಡಿಗಳ ಅರಣ್ಯ ಹಕ್ಕಿನ ಅರ್ಜಿ. ಎಲ್ಲಾ ಒಂದೇ ಖಾತೆಯಲ್ಲಿ, ಪಾಸ್‌ವರ್ಡ್ ಎಂಟು ಜನಕ್ಕೆ ಗೊತ್ತು. ಒಂದು ಕೇಸಿನಲ್ಲಿ ನಮ್ಮ ಸಾಕ್ಷಿ ಕೋರ್ಟ್ ಮೆಟ್ಟಿಲು ಹತ್ತೋ ಮೊದಲೇ ಆರೋಪಿ ಕಡೆಯವರು ಅವರ ಮನೆ ಬಾಗಿಲಲ್ಲಿದ್ರು. ಪಟ್ಟಿ ಎಲ್ಲಿಂದ ಸೋರಿತೋ ಇವತ್ತಿಗೂ ಹೇಳಕ್ಕಾಗಲ್ಲ. ಹೇಳಕ್ಕಾಗದ ಸ್ಥಿತಿ ತಂದುಕೊಂಡಿದ್ದು ನಮ್ಮದೇ ತಪ್ಪು. ದೌರ್ಜನ್ಯ ತಡೆ ಕಾಯ್ದೆಯ 15ಎ ಕಲಂ ಪ್ರಕಾರ ಸಾಕ್ಷಿಗಳ ರಕ್ಷಣೆ ಸರ್ಕಾರದ ಹೊಣೆ. ಸರ್ಕಾರವನ್ನ ಪ್ರಶ್ನೆ ಮಾಡೋ ನಾವು ನಮ್ಮ ಕೈಲಿರೋ ಪಟ್ಟಿಯನ್ನಾದ್ರೂ ಕಾಪಾಡಬೇಕಲ್ವಾ?

ಭೀಮಾ ಕೋರೆಗಾಂವ್ ಪ್ರಕರಣ ನೆನಪಿಸಿಕೊಳ್ಳಿ. ರೋನಾ ವಿಲ್ಸನ್ ಲ್ಯಾಪ್‌ಟಾಪ್ ಪರೀಕ್ಷಿಸಿದ ಅಮೆರಿಕದ ಆರ್ಸೆನಲ್ ಕನ್ಸಲ್ಟಿಂಗ್ 2021ರಲ್ಲಿ ವರದಿ ಕೊಟ್ಟಿತು. 2016ರ ಜೂನ್ 13ರಂದು ವರವರ ರಾವ್ ಅವರ ಖಾತೆಯಿಂದ ಯಾರೋ ಕಳಿಸಿದ ಮೇಲ್‌ನ ಕಡತ ತೆರೆದಾಗ ನೆಟ್‌ವೈರ್ ಅನ್ನೋ ಕುತಂತ್ರಾಂಶ ಒಳಗೆ ಬಂತು, ಆಮೇಲೆ ಪತ್ರಗಳನ್ನ ತಂದು ತುರುಕಿದ್ರು ಅಂತ ಅದರಲ್ಲಿದೆ. ಗೆಳೆಯನ ಹೆಸರಲ್ಲೇ ಬಂದ ಮೇಲ್ ಅದು.

ಹಾಗಾಗಿ ನನ್ನ ಆಯ್ಕೆ: ಟಪಾಲು ಸಾಗಿಸೋಕೆ ಪೋಸ್ಟ್‌ಫಿಕ್ಸ್, ಪೆಟ್ಟಿಗೆ ಕಾಯೋಕೆ ಡವ್‌ಕಾಟ್. ಎರಡೂ ಉಚಿತ, ಕೋಡ್ ಯಾರು ಬೇಕಾದ್ರೂ ಓದಬಹುದು, ಸಣ್ಣ ಮೆಷಿನ್ ಸಾಕು. ಪೋಸ್ಟ್‌ಫಿಕ್ಸ್ ಕೆಲಸವನ್ನ ಚೂರು ಚೂರು ಮಾಡಿ, ಒಂದೊಂದಕ್ಕೂ ಬೇಕಾದಷ್ಟೇ ಅಧಿಕಾರ ಕೊಡುತ್ತೆ. ಒಂದು ಕಡೆ ಬಿರುಕು ಬಿಟ್ರೂ ಇಡೀ ಮನೆ ಕೈತಪ್ಪೋದು ಕಷ್ಟ. ಆರ್‌ಎಆರ್, ಇಎಕ್ಸ್‌ಇ ಕಡತಗಳನ್ನ ಬಾಗಿಲಲ್ಲೇ ತಡೆಯೋ ನಿಯಮ ಬರೆಯಬಹುದು. 2021ರಲ್ಲಿ ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್‌ನ ದೋಷ ಹಿಡಿದು ಸಾವಿರಾರು ಸರ್ವರ್‌ಗಳಿಗೆ ನುಗ್ಗಿದ್ರು. ದುಡ್ಡು ಕೊಟ್ಟು ತಂದದ್ದೆಲ್ಲ ಭದ್ರ ಅಲ್ಲ.

ಈ ಸರ್ವರ್‌ನಿಂದ ಹೊರಗಿನವರಿಗೆ ಮೇಲ್ ಹೋಗೋದೇ ಬೇಡ. ವೈರ್‌ಗಾರ್ಡ್ ಮೂಲಕ ನಮ್ಮವರ ಫೋನ್, ಕಂಪ್ಯೂಟರ್ ಮಾತ್ರ ಒಳಗೆ ಬರಲಿ. ಯಾರದ್ದಾದ್ರೂ ಫೋನ್ ಕಳೆದ್ರೆ ಅದೊಂದರ ಕೀ ಅಳಿಸಿದ್ರೆ ಆಯ್ತು. ತಹಸೀಲ್ದಾರ್‌ಗೆ ಮನವಿ ಕಳಿಸೋಕೆ ಹಳೇ ಜಿಮೇಲ್ ಇರಲಿ.

ಈಗ ಕಹಿ ಮಾತು. ಸರ್ವರ್ ನೋಡ್ಕೊಳ್ಳೋನು ಅದರಲ್ಲಿರೋ ಮೇಲ್ ಓದಬಲ್ಲ, ಅವನು ನಮ್ಮವನೇ ಆದ್ರೂ. ಅದಕ್ಕೇ ಸಾಕ್ಷಿಗಳ ವಿವರ ಥಂಡರ್‌ಬರ್ಡ್‌ನಲ್ಲಿರೋ ಓಪನ್‌ಪಿಜಿಪಿಯಿಂದ ಬೀಗ ಹಾಕಿಯೇ ಹೋಗಬೇಕು. ಬೆಂಗಳೂರಿನ ಒಬ್ಬ ಇಂಜಿನಿಯರ್ ತಮ್ಮನಿಗೆ ಎಲ್ಲಾ ಒಪ್ಪಿಸಿ ಕೈತೊಳ್ಕೊಳ್ಳೋದೂ ಬೇಡ; ಅವನಿಗೆ ಬಿಡುವಿಲ್ಲದ ದಿನ ಅಪ್‌ಡೇಟ್ ನಿಲ್ಲುತ್ತೆ, ಅಪ್‌ಡೇಟ್ ನಿಂತ ಸರ್ವರ್ ಜಿಮೇಲ್‌ಗಿಂತ ಅಪಾಯ. ಕಲಿಯೋರು ಸಿಗದಿದ್ರೆ ಈ ಯೋಜನೆಯನ್ನೇ ಕೈಬಿಡೋಣ.

ತಾಲ್ಲೂಕಿಗೆ ಇಬ್ಬರು, ಅದರಲ್ಲೊಬ್ಬರು ಹೆಣ್ಣುಮಗಳು. ಹೆಸರನ್ನ ಇಲ್ಲಿ ಕಾಮೆಂಟ್‌ನಲ್ಲಿ ಹಾಕಬೇಡಿ, ಸಿಕ್ಕಾಗ ಬಾಯಲ್ಲೇ ಹೇಳಿ. ಅಲ್ಲಿಂದಲೇ ಅಭ್ಯಾಸ ಶುರುವಾಗಲಿ.

ಜೈಭೀಮ್.