ಪಟ್ಟಣದ ಸಂಬಳ: ನಿವ್ವಳ ಉಳಿಯುವುದೆಷ್ಟು?



ಐ.ಟಿ.ಐ. ಮುಗಿಸಿದ ಮಗ ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಗೆ ಕೆಲಸಕ್ಕೆ ಹೊರಟರೆ ತಡೆಯಬೇಕೆಂದು ನಾನು ಹೇಳುವುದಿಲ್ಲ. ಎರಡೆಕರೆ ಖುಷ್ಕಿಯಲ್ಲಿ ಮೂವರು ಅಣ್ಣತಮ್ಮಂದಿರು ಬದುಕುವುದಾದರೂ ಹೇಗೆ? ಆದರೆ ಲೆಕ್ಕ ಹಾಕಿ ಕಳುಹಿಸಿ. ಟೊಮೆಟೊ ಬೆಳೆದವರು ಮಂಡಿಯ ಚೀಟಿಯ ಮೊತ್ತವನ್ನೇ ಲಾಭವೆಂದು ಎಣಿಸುವುದಿಲ್ಲ. ಔಷಧಿ, ಸಾಗಾಣಿಕೆ, ಹಮಾಲಿ ಕಳೆಯುತ್ತೀರಿ. ಸಂಬಳಕ್ಕೂ ಅದೇ ಲೆಕ್ಕ.

ತಿಂಗಳಿಗೆ ರೂ. 20,000 ಎಂದಿಟ್ಟುಕೊಳ್ಳಿ. ಮೂಲವೇತನ ರೂ. 15,000 ಆದರೆ ಅದರ ಶೇ. 12ರಂತೆ ರೂ. 1,800 ಭವಿಷ್ಯನಿಧಿಗೆ ಹೋಗುತ್ತದೆ. ಇ.ಎಸ್.ಐ.ಗೆ ಶೇ. 0.75ರಂತೆ ರೂ. 150. ಇವೆರಡೂ ನಷ್ಟವಲ್ಲ. ಒಂದು ಉಳಿತಾಯ, ಇನ್ನೊಂದು ಆಸ್ಪತ್ರೆಯ ಖರ್ಚಿಗೆ ಆಸರೆ. "ಏನೂ ಹಿಡಿಯುವುದಿಲ್ಲ, ಪೂರ್ತಿ ಕೈಗೇ ಕೊಡುತ್ತೇವೆ" ಎನ್ನುವ ಗುತ್ತಿಗೆದಾರನನ್ನು ಮಾತ್ರ ನಂಬಬೇಡಿ.

ಉಳಿದ ರೂ. 18,050ರಲ್ಲಿ ಬಾಡಿಗೆ, ಊಟ, ಓಡಾಟ ಎಲ್ಲವೂ ಸಾಗಬೇಕು. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡ ಕೇಳುವ ರೂಢಿ ಬೆಂಗಳೂರಿನಲ್ಲಿ ಹಳೆಯದು. ಅದಕ್ಕಾಗಿ ಕರೆಯುವ ಹಸುವನ್ನು ಮಾರಿದರೆ ಡೇರಿಯ ಬಟವಾಡೆಯನ್ನೂ ಆ ಸಂಬಳದಲ್ಲಿ ಕಳೆಯಬೇಕಲ್ಲವೇ? ಮೊದಲ ವರ್ಷ ನಾಲ್ವರು ಸೇರಿ ಒಂದು ಕೋಣೆ ಹಿಡಿಯಲಿ. 2025ರ ಆಗಸ್ಟ್ 10ರಂದು ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಮೆಟ್ರೋ ಉದ್ಘಾಟನೆಯಾದ ಮೇಲೆ, ಕೆಲಸದ ಜಾಗದ ಎದುರೇ ದುಬಾರಿ ಮನೆ ಹುಡುಕಬೇಕಾಗಿಲ್ಲ. ಕಂತಿನ ಬೈಕು, ಕಂತಿನ ಫೋನು ಈಗಲೇ ಬೇಡ.

ಹೊಲವನ್ನಂತೂ ಮಾರಬೇಡಿ. ಎಲೆಕ್ಟ್ರಾನಿಕ್ ಸಿಟಿಯೇ 1970ರ ದಶಕದ ಕೊನೆಯಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಎದ್ದದ್ದು. ಅಲ್ಲಿ ಇಂದು ಒಂದು ಗುಂಟೆ ಕೊಳ್ಳುವ ಶಕ್ತಿ ಯಾವ ರೈತನಿಗಿದೆ? 2020ರ ಭೂಸುಧಾರಣಾ ತಿದ್ದುಪಡಿಯಿಂದ ಬೇಸಾಯಗಾರರಲ್ಲದವರೂ ಜಮೀನು ಕೊಳ್ಳುವಂತಾಯಿತು. ಮಾರಿದವರು ಮರಳಿ ಕೊಳ್ಳಲು ಹೊರಟರೆ ಪಟ್ಟಣದ ಹಣದೊಡನೆ ಪೈಪೋಟಿ ನಡೆಸಬೇಕು. ಬೀಳು ಬಿಡುವುದೂ ಬೇಡ. ಕಳೆ ತೆಗೆಸಲು ಆಳು ಸಿಗದ ಕಡೆ ಮುಂಗಾರಿನಲ್ಲಿ ಮಾವು, ಹುಣಿಸೆ, ಹೆಬ್ಬೇವು ನೆಡಿ. ಗಿಡ ಎದ್ದು ನಿಲ್ಲುವವರೆಗೆ ಸಾಲಿನ ನಡುವೆ ಹುರುಳಿ, ಅಲಸಂದೆ ಬರುತ್ತವೆ. ಹೊತ್ತುಹೊತ್ತಿಗೆ ಸೊಪ್ಪು ಬೇಡುವ ರೇಷ್ಮೆಯನ್ನು ಮನೆಯಲ್ಲುಳಿದ ಮುದಿಜೀವಗಳ ತಲೆಗೆ ಕಟ್ಟಬೇಡಿ.

ಇನ್ನೊಂದು ಮಾತು. ಸಣ್ಣದೆನಿಸಬಹುದು, ಆದರೆ ನಾನು ಪದೇ ಪದೇ ಕಾಣುವ ಫಜೀತಿ. ಹೊರಡುವ ಮಗ ಮನೆಯ ಮೊಬೈಲನ್ನೂ ಒಯ್ಯುತ್ತಾನೆ. ಆಧಾರಿಗೂ ಬ್ಯಾಂಕಿಗೂ ಜೋಡಿಸಿರುವುದು ಅದೇ ನಂಬರು. ಪಿ.ಎಂ. ಕಿಸಾನ್ ಕೆಲಸಕ್ಕೆಂದು ತಂದೆ ರೈತ ಸಂಪರ್ಕ ಕೇಂದ್ರಕ್ಕೆ ಬಂದರೆ ಓ.ಟಿ.ಪಿ. ಹೋಗಿ ಬೀಳುವುದು ಬೊಮ್ಮಸಂದ್ರದಲ್ಲಿ, ಪಾಳಿಯಲ್ಲಿರುವ ಮಗನ ಫೋನಿಗೆ. ಹಳೆಯ ನಂಬರು ತಂದೆಯ ಬಳಿಯೇ ಉಳಿಯಲಿ, ಮಗ ಹೊಸ ಸಿಮ್ ಕೊಳ್ಳಲಿ. ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲಿದ್ದರೆ ಅವನು ಹೊರಡುವ ಮೊದಲೇ ಪೌತಿ ಖಾತೆಗೆ ಅರ್ಜಿ ಕೊಡಿ. ಸಹಿ ಹಾಕಬೇಕಾದವರೆಲ್ಲ ಊರಲ್ಲೇ ಇರುವಾಗ ಆ ಕೆಲಸ ಬೇಗ ಮುಗಿಯುತ್ತದೆ.